ರೂಢಿ ಬದಲಾದರೆ ಬದುಕು ಬದಲು: ಪುಸ್ತಕ ಬರೆದ ವಿಶ್ವೇಶ್ವರಯ್ಯ

ಭಾಗ್ಯನಗರ: ಹಣ ಉಳಿಸುವುದು ಹೇಗೆ, ವ್ಯಾಪಾರ ಬೆಳೆಸುವುದು ಹೇಗೆ, ಸೋಮಾರಿತನ ಬಿಟ್ಟು ಒಳ್ಳೆಯ ರೂಢಿ ಕಲಿಯುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕಗಳಿಗೆ ಇಂದು ಎಲ್ಲೆಡೆ ಬೇಡಿಕೆ ಇದೆ. ಅವುಗಳಲ್ಲಿ ಬಹುಪಾಲು ಅಮೆರಿಕದಿಂದ ಬಂದವು. ಕೈಮಗ್ಗ, ವಿದ್ಯುತ್ ಮಗ್ಗ ಹಾಗೂ ತಲೆಗೂದಲು ಸಂಸ್ಕರಣೆಯನ್ನೇ ನೆಚ್ಚಿ ಬೆಳೆದ ಭಾಗ್ಯನಗರದಂಥ ಊರಿನ ಯುವಕರಿಗೂ ಇಂಥ ಪುಸ್ತಕಗಳ ಹೆಸರು ಹೊಸದಲ್ಲ. ಆದರೆ ಜನರ ದಿನನಿತ್ಯದ ರೂಢಿಗೂ ನಾಡಿನ ಸಂಪತ್ತಿಗೂ ಇರುವ ಸಂಬಂಧವನ್ನು ಕುರಿತು ಕನ್ನಡಿಗರೊಬ್ಬರು 1920ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದರು ಎಂಬುದು ಬಹಳ ಮಂದಿಗೆ ತಿಳಿಯದು.

ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಕನ್ನಂಬಾಡಿ ಕಟ್ಟೆಯ ನಿರ್ಮಾತೃ ಎಂದು ನಾಡು ಅವರನ್ನು ನೆನೆಯುತ್ತದೆ. ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನವೆಂದು ಹೂಮಾಲೆ ಹಾಕುತ್ತದೆ. ಸರಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಎಂಬ ಎರಡು ಮೋಂಬತ್ತಿಗಳ ಕಥೆ ಶಾಲೆಯಿಂದಲೇ ಎಲ್ಲರ ನಾಲಿಗೆಯ ಮೇಲಿದೆ. ಆದರೆ ಅವರು ಅರ್ಥವ್ಯವಸ್ಥೆಯ ಬಗ್ಗೆ ಸಾಮಾನ್ಯ ಓದುಗರಿಗಾಗಿ ಪುಸ್ತಕಗಳನ್ನು ಬರೆದವರು, ಮನುಷ್ಯ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದು ಯೋಜನೆ ರೂಪಿಸಿದವರು ಎಂಬ ಮುಖ ಮಸುಕಾಗಿದೆ. ತುಂಗಭದ್ರೆಯ ಕಾಲುವೆಯನ್ನು ನಂಬಿದ ನಮ್ಮ ಜಿಲ್ಲೆಗೆ ಆ ಮುಖವೇ ಹೆಚ್ಚು ಬೇಕಾದದ್ದು.

ಮನೆಪಾಠ ಹೇಳಿ ಓದಿದ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಇಂದಿನ ಆಂಧ್ರಪ್ರದೇಶದಲ್ಲಿರುವ ಮೋಕ್ಷಗುಂಡಂ ಗ್ರಾಮದಿಂದ ಬಂದವರಾದ್ದರಿಂದ ಆ ಹೆಸರು ಮನೆತನದೊಂದಿಗೆ ಉಳಿಯಿತು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಓದು ಸುಲಭದ್ದಾಗಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣ ಮುಗಿಸಿ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಖರ್ಚು ನೀಗಿಸಿಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು.

ಮೈಸೂರು ಸರಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರು ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಾಸಿಕ್, ಖಾನ್‌ದೇಶ, ಸಿಂಧ್ ಪ್ರಾಂತ್ಯದ ಸಕ್ಕರ್, ಸೂರತ್, ಪುಣೆ ಹೀಗೆ ಊರಿಂದೂರಿಗೆ ತಿರುಗಿದ ಸೇವೆ ಅದು. ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣಕ್ಕೆ ಅವರು ರೂಪಿಸಿದ ಕುಡಿಯುವ ನೀರಿನ ಯೋಜನೆ 1895ರಲ್ಲಿ ಮುಗಿದಾಗ ಇಲಾಖೆಯಲ್ಲಿ ಅವರ ಹೆಸರು ಕೇಳಿಬರತೊಡಗಿತು.

ಕಬ್ಬಿನ ಗದ್ದೆಯಲ್ಲಿ ಕಲಿತ ಪಾಠ

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪುಣೆ ಭಾಗದ ಕಾಲುವೆಗಳ ನೀರಿನ ಬಳಕೆಯನ್ನು ಪರಿಶೀಲಿಸುವ ಹೊಣೆ ಅವರ ಪಾಲಿಗೆ ಬಂತು. ಅಲ್ಲಿ ಕಂಡ ದೃಶ್ಯ ಇಂದಿನ ಗಂಗಾವತಿ, ಸಿಂಧನೂರಿನ ಓದುಗರಿಗೆ ಅಪರಿಚಿತವೆನಿಸದು. ಕಾಲುವೆಯ ಬಾಯಿಯ ಹತ್ತಿರ ಹೊಲವಿದ್ದವರು ಹೆಚ್ಚು ನೀರು ಕುಡಿಯುವ ಕಬ್ಬನ್ನೇ ಬೆಳೆಯುತ್ತಿದ್ದರು. ನೀರು ಸಿಕ್ಕಷ್ಟೂ ಹಾಯಿಸುತ್ತಿದ್ದರು. ಮೇಲಿನ ಹಳ್ಳಿಗಳಲ್ಲಿ ಭೂಮಿ ಜವುಳು ಹಿಡಿಯುತ್ತಿತ್ತು. ಕೆಳಗಿನ ಹಳ್ಳಿಗಳಿಗೆ ನೀರೇ ತಲುಪುತ್ತಿರಲಿಲ್ಲ.

ನೀರು ಪೋಲು ಮಾಡಬೇಡಿ ಎಂದು ಡಂಗುರ ಸಾರಿ ಫಲವಿಲ್ಲವೆಂಬುದನ್ನು ಅವರು ಬೇಗನೆ ಮನಗಂಡರು. ರೈತನ ದೃಷ್ಟಿಯಿಂದ ನೋಡಿದರೆ ಅವನು ತಪ್ಪು ಮಾಡುತ್ತಿರಲಿಲ್ಲ. ಇಂದು ಬಂದ ನೀರು ನಾಳೆ ಬರುತ್ತದೆಂಬ ಭರವಸೆ ಇಲ್ಲದವನು ಇಂದೇ ಗದ್ದೆ ತುಂಬಿಸಿಕೊಳ್ಳುವುದು ಸಹಜ. ಆದ್ದರಿಂದ ಬದಲಾಗಬೇಕಾದದ್ದು ನೀರು ಕೊಡುವ ಕ್ರಮ ಎಂದು ಅವರು ತೀರ್ಮಾನಿಸಿದರು. ಹೀಗೆ ಹುಟ್ಟಿದ್ದು ಬ್ಲಾಕ್ ಪದ್ಧತಿ.

ಪ್ರತಿ ಗ್ರಾಮದಲ್ಲಿ ನೀರಾವರಿಗೆ ತಕ್ಕ ಭೂಮಿಯನ್ನು ಗುರುತಿಸಿ ಒಂದು ಬ್ಲಾಕ್ ಎಂದು ಗೊತ್ತುಪಡಿಸುವುದು. ಅದರೊಳಗೆ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಕಡಿಮೆ ನೀರಿನ ಬೆಳೆ, ಮಳೆಯಾಶ್ರಿತ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವುದು. ಆ ಬ್ಲಾಕಿಗೆ ಇಷ್ಟು ನೀರು ಖಚಿತವಾಗಿ ಸಿಗುತ್ತದೆಂಬ ಮಾತು ಕೊಡುವುದು. ಇದು ಅದರ ತಿರುಳು. ಅದೇ ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗುತ್ತದೆ, ನೆಲ ಕೆಡುವುದಿಲ್ಲ, ರೈತನಿಗೂ ಮುಂದಿನ ವರ್ಷದ ಲೆಕ್ಕ ಮೊದಲೇ ಗೊತ್ತಿರುತ್ತದೆ. ಆರಂಭದಲ್ಲಿ ಕಬ್ಬು ಬೆಳೆಗಾರರಿಂದ ಬಲವಾದ ವಿರೋಧ ಬಂತು. ಪತ್ರಿಕೆಗಳಲ್ಲಿ ಟೀಕೆಗಳಾದವು. ವಿಶ್ವೇಶ್ವರಯ್ಯ ಸಭೆ ಕರೆದು, ಲೆಕ್ಕ ತೋರಿಸಿ, ಮನವೊಲಿಸಿ ಪದ್ಧತಿಯನ್ನು ಜಾರಿಗೆ ತಂದರು. ಮುಂದೆ ಮಂಡ್ಯ ಭಾಗಕ್ಕೆ ಕಾವೇರಿ ನೀರು ಹರಿಸಿದ ಕಾಲುವೆಯಲ್ಲೂ ಇದೇ ಪದ್ಧತಿಯನ್ನು ಅನುಸರಿಸಲಾಯಿತು. ಆ ಕಾಲುವೆಗೆ ಇಂದು ಅವರದೇ ಹೆಸರಿದೆ.

ಇದೇ ಅವಧಿಯ ಇನ್ನೊಂದು ಸಾಧನೆ 1903ರಲ್ಲಿ ಖಡಕವಾಸಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಗೇಟುಗಳು. ನೀರು ನಿಗದಿತ ಮಟ್ಟಕ್ಕಿಂತ ಏರಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ನಡುರಾತ್ರಿಯ ಪ್ರವಾಹದಲ್ಲಿ ಕಾವಲುಗಾರನ ಎಚ್ಚರವನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನಮ್ಮ ಜಿಲ್ಲೆ ಪಟ್ಟ ಆತಂಕವನ್ನು ನೆನೆದರೆ, ಒಂದು ಗೇಟಿನ ಮೇಲೆ ಎಷ್ಟು ಬದುಕು ನಿಂತಿರುತ್ತದೆ ಎಂಬುದು ಅರ್ಥವಾದೀತು.

ಜಪಾನಿನ ಪ್ರವಾಸ, ಹೈದರಾಬಾದಿನ ಕರೆ

1898ರಲ್ಲಿ ರಜೆ ಪಡೆದು ಅವರು ಜಪಾನಿಗೆ ಹೋದರು. ಮೂರು ದಶಕಗಳ ಹಿಂದೆ ಬಾಗಿಲು ಮುಚ್ಚಿಕೊಂಡಿದ್ದ ದೇಶ ಕಡ್ಡಾಯ ಶಿಕ್ಷಣ, ಹೆಣ್ಣುಮಕ್ಕಳ ಓದು, ಸಣ್ಣ ಕೈಗಾರಿಕೆ, ಬ್ಯಾಂಕು, ಹಡಗು ಇವುಗಳ ಬಲದಿಂದ ಎದ್ದು ನಿಂತದ್ದನ್ನು ಕಣ್ಣಾರೆ ಕಂಡರು. ಹಿಂದುಳಿದಿರುವುದು ಹಣೆಬರಹವಲ್ಲ, ಒಂದು ತಲೆಮಾರಿನಲ್ಲಿ ಅದನ್ನು ತಿದ್ದಬಹುದು ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಯಿತು. ಮುಂದೆ ಅವರು ಬರೆದ ಪುಸ್ತಕಗಳಲ್ಲೆಲ್ಲ ಜಪಾನಿನ ಉದಾಹರಣೆ ಮರಳಿ ಮರಳಿ ಬರುತ್ತದೆ.

ಮುಂಬಯಿ ಸರಕಾರದ ಸೇವೆಯಲ್ಲಿ ಭಾರತೀಯರಿಗೆ ಅತ್ಯುನ್ನತ ಎಂಜಿನಿಯರ್ ಹುದ್ದೆ ದಕ್ಕುವುದು ದುಸ್ತರವಾಗಿದ್ದ ಕಾಲವದು. ಅವರು ಅವಧಿಗೆ ಮೊದಲೇ ಸ್ವಯಂನಿವೃತ್ತಿ ಪಡೆದು ವಿದೇಶ ಪ್ರವಾಸ ಹೊರಟರು. ಅಷ್ಟರಲ್ಲಿ 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿತು. ಸಾವಿರಾರು ಜನ ಸತ್ತರು. ನಿಜಾಮ ಸರಕಾರ ವಿಶ್ವೇಶ್ವರಯ್ಯನವರಿಗೆ ಕರೆ ಕಳುಹಿಸಿತು.

ಕೊಪ್ಪಳ ಸೀಮೆ ಅಂದು ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಹೀಗಾಗಿ 1909ರಲ್ಲಿ ಅವರು ದುಡಿದದ್ದು ನಮ್ಮ ಹಿರಿಯರ ರಾಜಧಾನಿಯಲ್ಲಿ. ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ಪ್ರವಾಹವನ್ನು ಹಿಡಿದಿಡಬೇಕು, ಅದೇ ನೀರನ್ನು ಕುಡಿಯಲು ಬಳಸಬೇಕು, ಒಳಚರಂಡಿ ನಿರ್ಮಿಸಬೇಕು ಎಂಬುದು ಅವರ ಶಿಫಾರಸು. ಅದರಂತೆ ಮುಂದೆ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ತಲೆ ಎತ್ತಿದವು. 1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ತವರಿಗೆ ಮರಳಿದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು.

ದಿವಾನರು ಕಟ್ಟಿದ ಸಂಸ್ಥೆಗಳು

ಕಟ್ಟೆಯ ಕೆಲಸ ಶುರುವಾದ ವರ್ಷವೇ ಅವರ ಪ್ರೇರಣೆಯಿಂದ ಮೈಸೂರು ಅರ್ಥಾಭಿವೃದ್ಧಿ ಸಮ್ಮೇಳನ ಅಸ್ತಿತ್ವಕ್ಕೆ ಬಂತು. ಅಧಿಕಾರಿಗಳ ಜತೆ ವ್ಯಾಪಾರಿಗಳು, ಜಮೀನುದಾರರು, ಸಾರ್ವಜನಿಕರು ಕೂಡಿ ಕುಳಿತು ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯದ ಬಗ್ಗೆ ಚರ್ಚಿಸುವ ವೇದಿಕೆ ಅದು. ಸಂಸ್ಥಾನದ ಆದಾಯವೆಷ್ಟು, ಓದು ಬಲ್ಲವರೆಷ್ಟು, ಯಾವ ಕಸಬು ಎಷ್ಟು ಜನರ ಹೊಟ್ಟೆ ತುಂಬಿಸುತ್ತದೆ ಎಂಬ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಹುಡುಕುವ ಪರಿಪಾಠ ಅಲ್ಲಿ ಬೆಳೆಯಿತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆರು ವರ್ಷಗಳ ದಿವಾನಗಿರಿಯಲ್ಲಿ ಅವರು ಕಟ್ಟಿದ ಸಂಸ್ಥೆಗಳ ಪಟ್ಟಿ ಶಾಲಾ ಮಕ್ಕಳಿಗೂ ಬಾಯಿಪಾಠ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮತ್ತು ವಾಣಿಜ್ಯ ಮಂಡಲಿ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಇವುಗಳೊಂದಿಗೆ ಗಂಧದೆಣ್ಣೆ, ಸಾಬೂನು, ಕಬ್ಬಿಣದ ಕಾರ್ಖಾನೆಗಳ ಯೋಜನೆ. 1913ರಲ್ಲಿಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನೂ ಬಂತು.

ಈ ಪಟ್ಟಿಯನ್ನು ಒಂದೊಂದಾಗಿ ನೋಡುವುದಕ್ಕಿಂತ ಒಟ್ಟಾಗಿ ನೋಡಬೇಕು. ಉಳಿತಾಯ ಮಾಡಿ ಎಂದು ಉಪದೇಶಿಸುವ ಮೊದಲು ಉಳಿಸಿದ್ದನ್ನು ಇಡಲು ನಂಬಿಕೆಯ ಬ್ಯಾಂಕು ಬೇಕು. ಮಕ್ಕಳನ್ನು ಓದಿಸಿ ಎನ್ನುವ ಮೊದಲು ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಬೇಕು. ಕಸಬು ಕಲಿಯಿರಿ ಎನ್ನುವ ಮೊದಲು ಕಲಿಸುವ ಕಾರ್ಯಶಾಲೆ ಬೇಕು. ದಿವಾನರಾಗಿ ಅವರು ಮೊದಲು ಕೈಹಾಕಿದ್ದು ಈ ಏರ್ಪಾಡುಗಳಿಗೆ. ಅಂದು ಹುಟ್ಟಿದ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಗಿ ಬೆಳೆದು, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಎಡವಿದ ಜಾಗ

ಆದರೆ ಇದೇ ದೃಷ್ಟಿಯನ್ನು ಅವರು ಎಲ್ಲ ಕಡೆಗೂ ಅನ್ವಯಿಸಲಿಲ್ಲ ಎಂಬುದನ್ನೂ ಹೇಳಬೇಕು. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಸೂಕ್ತ ಪಾಲು ಸಿಗಬೇಕೆಂಬ ಬೇಡಿಕೆ ಸಂಸ್ಥಾನದಲ್ಲಿ ಬಲವಾದಾಗ ಮಹಾರಾಜರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ನೇಮಕದಲ್ಲಿ ಅರ್ಹತೆಯೊಂದೇ ಮಾನದಂಡವಾಗಬೇಕು, ಶಿಕ್ಷಣ ಹರಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬುದು ದಿವಾನರ ನಿಲುವು. ಭಿನ್ನಾಭಿಪ್ರಾಯ ಬೆಳೆದು ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಅಧಿಕಾರದಿಂದ ಹೊರಬಂದರು.

ನೀರಿನ ವಿಷಯದಲ್ಲಿ ಕಾಲುವೆಯ ಬಾಯಿಯಲ್ಲಿದ್ದವನಿಗೂ ಕೊನೆಯಲ್ಲಿದ್ದವನಿಗೂ ಇರುವ ಅಂತರವನ್ನು ಅಷ್ಟು ಸ್ಪಷ್ಟವಾಗಿ ಕಂಡಿದ್ದ ವ್ಯಕ್ತಿ, ಅವಕಾಶದ ಕಾಲುವೆಯಲ್ಲಿ ಅದೇ ಅಂತರವನ್ನು ಕಾಣಲಿಲ್ಲ. ತಲೆತಲಾಂತರದಿಂದ ಅಕ್ಷರದ ಬಾಯಿಯಲ್ಲೇ ಇದ್ದವರೊಂದಿಗೆ, ಆಗತಾನೆ ಶಾಲೆಯ ಮೆಟ್ಟಿಲು ಹತ್ತಿದವರು ಸಮನಾಗಿ ಓಡಬೇಕೆಂಬ ನಿರೀಕ್ಷೆ ಅದು. ನಾಡಿನ ಸಾಮಾಜಿಕ ನ್ಯಾಯದ ಚರಿತ್ರೆ ಮಿಲ್ಲರ್ ವರದಿಯ ಹಾದಿಯಲ್ಲೇ ಮುಂದೆ ಸಾಗಿತು.

ಬರೆದ ಪುಸ್ತಕಗಳು

ಅಧಿಕಾರ ಬಿಟ್ಟ ಮೇಲೆ ಮತ್ತೊಮ್ಮೆ ಜಪಾನ್, ಅಮೆರಿಕ, ಯೂರೋಪುಗಳನ್ನು ಸುತ್ತಿದ ಅವರು 1920ರಲ್ಲಿ ಲಂಡನ್ನಿನಲ್ಲಿ ‘ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ರಾಜಕೀಯ, ಆರ್ಥಿಕ, ಸಾಮಾಜಿಕ ಎಂದು ಮೂರು ನೆಲೆಗಳಲ್ಲಿ ದೇಶವನ್ನು ಮತ್ತೆ ಕಟ್ಟುವ ಬಗೆ ಅದರ ವಸ್ತು. ಒಂದು ಕಡೆ ಭಾರತದ ಅಂಕಿ, ಪಕ್ಕದಲ್ಲಿ ಜಪಾನ್, ಕೆನಡಾ, ಬ್ರಿಟನ್, ಅಮೆರಿಕಗಳ ಅಂಕಿ. ಓದು ಬಲ್ಲವರೆಷ್ಟು, ತಲಾ ಆದಾಯವೆಷ್ಟು, ಜನನ ಮರಣವೆಷ್ಟು ಎಂಬ ಹೋಲಿಕೆಯನ್ನು ಮುಂದಿಟ್ಟು ಓದುಗನನ್ನು ಎಚ್ಚರಿಸುವ ಕ್ರಮ.

ಪರಕೀಯ ಆಳ್ವಿಕೆ ದೇಶದ ಕೈಗಾರಿಕೆಯನ್ನು ಬೆಳೆಯಗೊಡಲಿಲ್ಲ ಎಂಬ ಆಕ್ಷೇಪವನ್ನು ಅವರು ಮುಚ್ಚಿಡಲಿಲ್ಲ. ಆದರೆ ದೋಷವನ್ನೆಲ್ಲ ಆಳುವವರ ತಲೆಗೆ ಕಟ್ಟಿ ಸುಮ್ಮನಾಗಲೂ ಇಲ್ಲ. ಸಮಯಪಾಲನೆಯಿಲ್ಲದ ದುಡಿಮೆ, ವಿಧಿಯ ಮೇಲೆ ಭಾರ ಹಾಕುವ ಮನೋಭಾವ, ಜಾತಿಯ ಗೋಡೆ, ಬಾಲ್ಯವಿವಾಹ, ಕೂಡಿ ಕೆಲಸ ಮಾಡಲಾರದ ಗುಣ ಇವೆಲ್ಲ ಬಡತನದ ಬೇರುಗಳೆಂದು ವಾದಿಸಿದರು. ಇಂದಿನ ವ್ಯಾಪಾರ ಮತ್ತು ಯಶಸ್ಸಿನ ಪುಸ್ತಕಗಳು ಒಬ್ಬ ವ್ಯಕ್ತಿಗೆ ಹೇಳುವುದನ್ನು ಅವರು ಇಡೀ ದೇಶಕ್ಕೆ ಹೇಳಿದರೆನ್ನಬಹುದು.

1925ರಲ್ಲಿ ಅವರು ಭಾರತೀಯ ಆರ್ಥಿಕ ವಿಚಾರಣಾ ಸಮಿತಿಯ ಅಧ್ಯಕ್ಷರಾದರು. ದೇಶದ ಆದಾಯ, ಉತ್ಪಾದನೆ, ಕೂಲಿಗಳ ಬಗ್ಗೆ ನಂಬಬಹುದಾದ ಅಂಕಿಗಳನ್ನು ಕಲೆಹಾಕಲು ಕಾನೂನಿನ ಬಲವುಳ್ಳ ವ್ಯವಸ್ಥೆ ಬೇಕೆಂದು ಆ ಸಮಿತಿ ಹೇಳಿತು. 1934ರಲ್ಲಿ ಹೊರಬಂದ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ ಅವರ ಕೃತಿಗಳಲ್ಲಿ ಹೆಚ್ಚು ಹೆಸರಾದದ್ದು. ಬೇಸಾಯದ ಮೇಲಿನ ಜನಭಾರವನ್ನು ಕೈಗಾರಿಕೆಯ ಕಡೆಗೆ ತಿರುಗಿಸಿ, ಹತ್ತು ವರ್ಷದಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆ ಅದರಲ್ಲಿತ್ತು. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಬಂದದ್ದು 1951ರಲ್ಲಿ ಎಂಬುದನ್ನು ನೆನೆದರೆ ಈ ಪುಸ್ತಕದ ಮುಂದಾಲೋಚನೆ ತಿಳಿಯುತ್ತದೆ. ಅದೇ 1951ರಲ್ಲಿ ಅವರ ವೃತ್ತಿಜೀವನದ ನೆನಪುಗಳೂ ಪುಸ್ತಕವಾಗಿ ಪ್ರಕಟವಾದವು. ಅದರಲ್ಲಿ ಮನೆಯ ಸಂಗತಿಗಳಿಗಿಂತ ಕೆಲಸದ ವಿವರಗಳೇ ಹೆಚ್ಚು.

ಭದ್ರಾವತಿ ಮತ್ತು ಗಾಂಧೀಜಿ

ಬರೆದದ್ದನ್ನು ಒರೆಗೆ ಹಚ್ಚುವ ಪ್ರಸಂಗವೂ ಒದಗಿತು. ಅವರು ಕನಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟ ಏರುತ್ತಿತ್ತು, ಟೀಕೆಯೂ ಏರಿತು. ಸಂಸ್ಥಾನ ಮತ್ತೆ ಅವರನ್ನೇ ಕರೆಯಿತು. 1923ರಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಖರ್ಚು ತಗ್ಗಿಸಿ, ಸ್ಥಳೀಯರಿಗೆ ತರಬೇತಿ ಕೊಟ್ಟು ಕಾರ್ಖಾನೆಯನ್ನು ದಡ ಮುಟ್ಟಿಸಲು ಶ್ರಮಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಯುವಕರಿಗೆ ಕಸಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದರ ಫಲ. ತಮ್ಮ ಹೆಸರನ್ನು ಅದಕ್ಕೆ ಇಡಗೊಡಲಿಲ್ಲ.

1927ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಗಾಂಧೀಜಿ ಭದ್ರಾವತಿಯನ್ನು ಕಂಡು ವಿಶ್ವೇಶ್ವರಯ್ಯನವರ ಸಾಮರ್ಥ್ಯವನ್ನು ಮೆಚ್ಚಿಕೊಂಡರು. ಆದರೆ ಇಬ್ಬರ ದಾರಿ ಬೇರೆಯಾಗಿತ್ತು. ಯಂತ್ರೋದ್ಯಮ ಬೆಳೆಯದೆ ದೇಶಕ್ಕೆ ಉಳಿವಿಲ್ಲವೆಂದು ಒಬ್ಬರು ನಂಬಿದ್ದರೆ, ಯಂತ್ರವೇ ಹಳ್ಳಿಯ ಕೈಗಳನ್ನು ಕಸಿಯುತ್ತದೆಂದು ಇನ್ನೊಬ್ಬರು ಅಂಜಿದ್ದರು. ಕೈಮಗ್ಗದ ಸದ್ದು ಅಡಗಿ ವಿದ್ಯುತ್ ಮಗ್ಗದ ಸದ್ದು ಏರಿದ್ದನ್ನು ಕಂಡ ನೇಕಾರರ ಕೇರಿಗಳಿಗೆ ಈ ವಾದ ಪುಸ್ತಕದ ಮಾತಲ್ಲ, ಮನೆಯ ಮಾತು. ಇಳಿವಯಸ್ಸಿನಲ್ಲಿ ವಿಶ್ವೇಶ್ವರಯ್ಯನವರೂ ಹಳ್ಳಿಗಳ ಗುಂಪನ್ನು ಒಂದು ಘಟಕವಾಗಿ ಮಾಡಿ ಅಲ್ಲೇ ಸಣ್ಣ ಕೈಗಾರಿಕೆ ಬೆಳೆಸುವ ಯೋಜನೆಗೆ ಹೆಚ್ಚು ಒತ್ತು ಕೊಟ್ಟರು.

ಉದ್ಯಮದ ಲೆಕ್ಕದಲ್ಲಿ ಅವರ ಕಾಲ ಎಣಿಸದೆ ಬಿಟ್ಟದ್ದೂ ಉಂಟು. ಹೊಗೆ, ದೂಳು, ಕೆಟ್ಟ ನೀರು ಅಂದಿನ ಪುಸ್ತಕಗಳ ಖರ್ಚಿನ ಕಲಮಿನಲ್ಲಿ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಊರಿನ ಸಮೀಪ ಉಕ್ಕಿನ ಕಾರ್ಖಾನೆ ವಿಸ್ತರಿಸುವುದನ್ನು ವಿರೋಧಿಸಿ, ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಕೊಪ್ಪಳದ ಜನ ಬೀದಿಗಿಳಿದದ್ದು ಆ ಬಿಟ್ಟುಹೋದ ಲೆಕ್ಕವನ್ನು ಕೇಳುವುದಕ್ಕಾಗಿಯೇ.

ಹೊಸ ಪುಸ್ತಕಗಳು ಹೇಳುವುದೇನು?

ಮನುಷ್ಯ ಯಾವಾಗಲೂ ಲಾಭ ನಷ್ಟ ತೂಗಿ ನೋಡಿಯೇ ನಡೆಯುತ್ತಾನೆಂದು ಅರ್ಥಶಾಸ್ತ್ರ ಬಹುಕಾಲ ನಂಬಿತ್ತು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಅವರ ಒಡನಾಡಿ ಏಮೋಸ್ ಟ್ವೆರ್‌ಸ್ಕಿ 1970ರ ದಶಕದಲ್ಲಿ ಆ ನಂಬಿಕೆಯನ್ನು ಪ್ರಯೋಗಗಳಿಂದ ಅಲುಗಾಡಿಸಿದರು. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ದುಃಖ ದೊಡ್ಡದು. ಕೈಯಲ್ಲಿರುವುದನ್ನು ಬಿಡಲು ಮನಸ್ಸು ಹಿಂಜರಿಯುತ್ತದೆ. ನಾಳೆಯ ದೊಡ್ಡ ಲಾಭಕ್ಕಿಂತ ಇಂದಿನ ಸಣ್ಣ ಲಾಭ ಎಳೆಯುತ್ತದೆ. ಇಂಥ ತಿಳಿವಳಿಕೆಯಿಂದ ಬೆಳೆದದ್ದೇ ವರ್ತನಾ ಅರ್ಥಶಾಸ್ತ್ರ. ಕಾಹ್ನೆಮನ್ 2002ರಲ್ಲಿ, ರಿಚರ್ಡ್ ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಥೇಲರ್ ಅವರು ಕ್ಯಾಸ್ ಸನ್‌ಸ್ಟೈನ್ ಅವರೊಡನೆ 2008ರಲ್ಲಿ ಬರೆದ ‘ನಡ್ಜ್’ ಎಂಬ ಪುಸ್ತಕ ಲಕ್ಷಾಂತರ ಓದುಗರನ್ನು ತಲುಪಿತು. ಜನರಿಗೆ ಬುದ್ಧಿ ಹೇಳುವುದಕ್ಕಿಂತ, ಒಳ್ಳೆಯ ಆಯ್ಕೆ ಸುಲಭವಾಗುವಂತೆ ವ್ಯವಸ್ಥೆಯನ್ನು ರೂಪಿಸಬೇಕು ಎಂಬುದು ಅದರ ಸಾರ.

ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2011ರ ‘ಪೂರ್ ಎಕನಾಮಿಕ್ಸ್’ ಪುಸ್ತಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಲ್ಲಿಯಲ್ಲಿ ಶುದ್ಧ ನೀರು, ಸಂಬಳದಲ್ಲೇ ಕಡಿತವಾಗುವ ಉಳಿತಾಯ ಇಂಥ ಏರ್ಪಾಡುಗಳು ಉಳ್ಳವರಿಗೆ ಕೇಳದೆಯೇ ಸಿಗುತ್ತವೆ. ಬಡವನು ಪ್ರತಿದಿನ ಪ್ರತಿಯೊಂದಕ್ಕೂ ತಾನೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಆದ್ದರಿಂದ ಬಡತನವನ್ನು ಸೋಮಾರಿತನವೆಂದು ತೀರ್ಮಾನಿಸುವುದು ಸರಿಯಲ್ಲ ಎಂಬುದು ಅವರ ಕಾಣ್ಕೆ. 2019ರಲ್ಲಿ ಮೈಕೆಲ್ ಕ್ರೆಮರ್ ಅವರೊಂದಿಗೆ ಈ ದಂಪತಿಗೂ ನೊಬೆಲ್ ಸಂದಿತು.

ಈ ಬೆಳಕಿನಲ್ಲಿ ವಿಶ್ವೇಶ್ವರಯ್ಯನವರನ್ನು ಮತ್ತೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರ ಪುಸ್ತಕಗಳು ಜನರ ರೂಢಿಯನ್ನು ದೂರುತ್ತವೆ. ಅವರ ಕೆಲಸಗಳು ಮಾತ್ರ ರೂಢಿ ತಾನಾಗಿ ಬದಲಾಗುವಂತೆ ಏರ್ಪಾಡು ಮಾಡುತ್ತವೆ. ಬ್ಲಾಕ್ ಪದ್ಧತಿ, ತಾನೇ ತೆರೆಯುವ ಗೇಟು, ಬ್ಯಾಂಕು, ಕಡ್ಡಾಯ ಶಾಲೆ ಇವು ನಿಂತದ್ದು ಉಪದೇಶದ ಬಲದಿಂದಲ್ಲ. ಲೇಖಕನಿಗಿಂತ ಎಂಜಿನಿಯರ್ ಹೆಚ್ಚು ಆಳವಾಗಿ ಮನುಷ್ಯನನ್ನು ಬಲ್ಲವರಾಗಿದ್ದರು.

ನಮ್ಮ ಕಾಲುವೆಯ ಕಥೆ

ಈ ಮಾತಿಗೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ನಾಲೆ 227 ಕಿಲೋಮೀಟರ್ ಉದ್ದ ಹರಿದು ರಾಯಚೂರು ಜಿಲ್ಲೆಯ ಒಳಕ್ಕೆ ಹೋಗುತ್ತದೆ. 1953ರಲ್ಲಿ ನೀರು ಹರಿದಾಗ ಇದ್ದ ಉದ್ದೇಶ ಬರವನ್ನು ತಡೆಯುವುದು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ತೆಳುವಾಗಿ ನೀರು ಹಂಚಿ ಹೆಚ್ಚು ಹೊಲಗಳನ್ನು ಮುಟ್ಟಬೇಕೆಂದು ಲೆಕ್ಕ ಹಾಕಲಾಗಿತ್ತು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ನಿಗದಿ ಮಾಡುವ ಲೋಕಲೈಸೇಷನ್ ನಿಯಮವೂ ಇತ್ತು. ಕಾಗದದ ಮೇಲೆ ಅದು ಬ್ಲಾಕ್ ಪದ್ಧತಿಯ ತಮ್ಮನೇ.

ಆದರೆ ಹೊಲದಲ್ಲಿ ನಡೆದದ್ದೇ ಬೇರೆ. ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಭತ್ತದ ಅನುಭವ, ಅಕ್ಕಿ ಗಿರಣಿಗಳು, ಸಿದ್ಧ ಮಾರುಕಟ್ಟೆ ಎಲ್ಲವೂ ಅತ್ತಲೇ ಎಳೆದವು. ಗಂಗಾವತಿ ಭತ್ತದ ಕಣಜವೆಂದು ಹೆಸರಾಯಿತು. ಕೊನೆಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಹಂಗಾಮು ಬಂದಾಗಲೆಲ್ಲ ನೀರಿಗಾಗಿ ರಸ್ತೆ ತಡೆ ನಡೆಸುವುದು ವಾಡಿಕೆಯಾಯಿತು. ಮೇಲ್ಭಾಗದಲ್ಲಿ ಜವುಳು, ಸವುಳಿನ ಭೂಮಿಯೂ ಹೆಚ್ಚಿತು.

ಗಂಗಾವತಿಯ ರೈತನನ್ನು ಸ್ವಾರ್ಥಿ ಎಂದು ಬಯ್ದರೆ ಈ ಸಮಸ್ಯೆ ಬಗೆಹರಿಯದು. ನೀರು ಮುಂದಿನ ಸರದಿಗೆ ತಪ್ಪದೆ ಬರುತ್ತದೆಂಬ ಖಾತರಿ, ಅಳೆದು ಕೊಡುವ ತೂಬು, ಭತ್ತಕ್ಕಿರುವಷ್ಟೇ ಖಚಿತವಾದ ಮಾರುಕಟ್ಟೆ ಜೋಳಕ್ಕೂ ಹತ್ತಿಗೂ ಇಲ್ಲದಿದ್ದರೆ ಯಾವ ರೈತನೂ ಭತ್ತ ಬಿಡಲಾರ. ನಿಯಮ ಬರೆದಿಟ್ಟದ್ದು ಪುಸ್ತಕದ ಕೆಲಸ. ಅದು ನಡೆಯುವಂತೆ ತೂಬು ಕಟ್ಟಿ, ಲೆಕ್ಕ ಇಟ್ಟು, ಹಳ್ಳಿಯವರೊಡನೆ ಕುಳಿತು ಒಪ್ಪಿಸುವುದು ಪುಣೆಯಲ್ಲಿ ವಿಶ್ವೇಶ್ವರಯ್ಯ ಮಾಡಿದ ಕೆಲಸ. ನಮ್ಮಲ್ಲಿ ಮೊದಲನೆಯದು ಆಯಿತು, ಎರಡನೆಯದು ಅರ್ಧಕ್ಕೇ ನಿಂತಿತು.

ಕೊನೆಯ ವರ್ಷಗಳು

1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಘಟನೆಯನ್ನು ಕಟ್ಟಿ ಬೆಳೆಸಿದ ಅವರು, ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಕಟ್ಟುವ ಸ್ಥಳದ ಬಗ್ಗೆ ಸಲಹೆ ನೀಡಿದರು. ಮೊಕಾಮಾದ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. 1955ರಲ್ಲಿ ಭಾರತರತ್ನ ಗೌರವ ಸಂದಿತು. 1960ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆದ ಜನ್ಮಶತಮಾನೋತ್ಸವಕ್ಕೆ ಪ್ರಧಾನಿ ಜವಾಹರಲಾಲ್ ನೆಹರೂ ಬಂದಿದ್ದರು. ಗರಿಮುರಿಯಾದ ಉಡುಪು, ಜರಿಪೇಟ, ಗಡಿಯಾರದ ಮುಳ್ಳಿಗೆ ಕಟ್ಟಿದಂಥ ದಿನಚರಿ ಕೊನೆಯವರೆಗೂ ಸಡಿಲಲಿಲ್ಲ. 1962ರ ಏಪ್ರಿಲಿನಲ್ಲಿ ಅವರು ಕಣ್ಮುಚ್ಚಿದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಯಶಸ್ಸಿನ ಪುಸ್ತಕ ಕೈಗೆತ್ತಿಕೊಳ್ಳುವ ಭಾಗ್ಯನಗರದ ಯುವ ನೇಕಾರ, ಕೂದಲು ವ್ಯಾಪಾರಿ, ಅಂಗಡಿಯವ ಇವರೆಲ್ಲರಿಗೂ ವಿಶ್ವೇಶ್ವರಯ್ಯನವರ ಬದುಕಿನಿಂದ ಒಂದು ಪ್ರಶ್ನೆ ಸಿಗುತ್ತದೆ. ಬೆಳಿಗ್ಗೆ ಬೇಗ ಏಳಿ, ಉಳಿಸಿ, ಲೆಕ್ಕ ಬರೆಯಿರಿ ಎಂಬ ಮಾತು ಒಳ್ಳೆಯದೇ. ಆದರೆ ನೂಲು ಕೊಳ್ಳಲು ಕಡಿಮೆ ಬಡ್ಡಿಯ ಸಾಲ, ನೇಯ್ದ ಸೀರೆಗೆ ಸಕಾಲಕ್ಕೆ ಹಣ, ಕಸಬಿಗೆ ತರಬೇತಿ ಇವುಗಳ ಏರ್ಪಾಡು ಯಾರು ಮಾಡಬೇಕು ಎಂದು ಆ ಪುಸ್ತಕ ಕೇಳುತ್ತದೆಯೇ? ಆ ಏರ್ಪಾಡು ಊರಿನ ಸಹಕಾರ ಸಂಘದಿಂದ, ಬ್ಯಾಂಕಿನಿಂದ, ಪಟ್ಟಣ ಪಂಚಾಯಿತಿಯಿಂದ, ಸರಕಾರದಿಂದ ಆಗಬೇಕಾದದ್ದು. ಅದನ್ನು ಕೇಳಿ ಪಡೆಯುವುದೂ ಕಲಿಯಬೇಕಾದ ರೂಢಿಗಳಲ್ಲಿ ಒಂದು.